ನಗರ ಹೋಬಳಿಯಲ್ಲಿ ಸೈನಿಕ ಕುಟುಂಬಗಳಿಗೆ ಪಿಂಚಣಿ ಶಿಬಿರ: ಮೊದಲೇ ಏನೇನು ಮಾಡಿಕೊಳ್ಳಬೇಕು?

ಬಿದನೂರು ಬಳಗ:
ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿ ಮಾಜಿ ಸೈನಿಕರಿಗೆ, ಸೈನಿಕರ ವಿಧವೆಯರಿಗೆ ಒಂದು ದಿನದ ಶಿಬಿರ ಮಾಡಬೇಕೆಂದಿದ್ದೇವೆ. ಸಂಪೆಕಟ್ಟೆ, ನಿಟ್ಟೂರು ಕಡೆಯಿಂದ ಬರುವವರಲ್ಲಿ ಬಹಳಷ್ಟು ಮಂದಿ ಎಪ್ಪತ್ತು ದಾಟಿದವರು. ಪಿಂಚಣಿ ಬ್ಯಾಂಕಿನ ಕೈಯಿಂದ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ಗೆ ಹೋದ ಮೇಲೆ ಯಾರನ್ನು ಕೇಳಬೇಕೆಂದೇ ಅವರಿಗೆ ತಿಳಿಯುತ್ತಿಲ್ಲ. ಯಾರಿಗೆ ಪತ್ರ ಬರೆಯಬೇಕು? ಯಾವಾಗ ಇಟ್ಟುಕೊಂಡರೆ ಒಳ್ಳೆಯದು? ಒಂದು ದಿನದಲ್ಲಿ ಯಾವ ಕೆಲಸ ಮುಗಿಯುತ್ತದೆ?

ಹಿನ್ನೀರು:
ಪತ್ರ ಶಿವಮೊಗ್ಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ. ಒಂದು ಪ್ರತಿಯನ್ನು ಬೆಂಗಳೂರಿನ ಪಿಸಿಡಿಎ (ರಕ್ಷಣಾ ಲೆಕ್ಕಪತ್ರಗಳ ಪ್ರಧಾನ ನಿಯಂತ್ರಕರ) ಕಚೇರಿಗೂ ಕಳಿಸಿ, ರಕ್ಷಣಾ ಲೆಕ್ಕಪತ್ರ ಇಲಾಖೆ ಸ್ಪರ್ಶ್ ಶಿಬಿರಗಳನ್ನು ತಾನೇ ನಡೆಸುತ್ತದೆ. "ಬನ್ನಿ, ಮಾರ್ಗದರ್ಶನ ಮಾಡಿ" ಎಂದಷ್ಟೇ ಬರೆದರೆ ಭಾಷಣಕಾರರು ಬರುತ್ತಾರೆ. ಅದರ ಬದಲು ಹೆಸರು, ಸೇನಾ ಸಂಖ್ಯೆ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಸೇವಾ ದಾಖಲೆ ಇರುವುದು ಸೇನೆಯ ಯಾವ ರೆಕಾರ್ಡ್ಸ್ ಆಫೀಸು, ತೊಂದರೆ ಏನು ಎಂಬ ಪಟ್ಟಿ ಲಗತ್ತಿಸಿ. ಆಗ ಕಡತ ನೋಡಿಕೊಂಡೇ ಬರುತ್ತಾರೆ.

ಮಳೆ ಬಿಟ್ಟು ಅಡಿಕೆ ಕೊಯ್ಲು ಶುರುವಾಗುವ ಮುಂಚೆ, ಅಂದರೆ ಅಕ್ಟೋಬರ್‌ನಲ್ಲಿ ಮಾಡಿ. ಸುಲಿತ ಶುರುವಾದರೆ ಮನೆಯಿಂದ ಯಾರೂ ಹೊರಡುವುದಿಲ್ಲ. ಜನವರಿ 14ರ ಮಾಜಿ ಸೈನಿಕರ ದಿನ, 1953ರಲ್ಲಿ ನಮ್ಮ ಕಾರ್ಯಪ್ಪನವರು ನಿವೃತ್ತರಾದ ದಿನ, ಸನ್ಮಾನಕ್ಕೆ ಚೆನ್ನ. ಪಿಂಚಣಿ ಕೆಲಸಕ್ಕೆ ಅಷ್ಟು ತಡ ಬೇಡ.

ಪಿಪಿಒ ಗೆಳೆಯ:
ಶಿಬಿರದಲ್ಲಿ ಖಂಡಿತ ಮುಗಿಯುವ ಕೆಲಸ ವಾರ್ಷಿಕ ಜೀವಿತ ಪ್ರಮಾಣ, ಅಂದರೆ ಪಿಂಚಣಿದಾರರು ಬದುಕಿದ್ದಾರೆ ಎಂಬ ದೃಢೀಕರಣ. ಎಡವುವುದೂ ಅಲ್ಲಿಯೇ. ಅದನ್ನು ಆನ್‌ಲೈನ್‌ನಲ್ಲಿ ಸಲ್ಲಿಸುವ ಜೀವನ್ ಪ್ರಮಾಣ್‌ನಲ್ಲಿ ಪಿಂಚಣಿ ಮಂಜೂರು ಮಾಡುವವರು ಎಂಬಲ್ಲಿ ಡಿಫೆನ್ಸ್ ಪಿಸಿಡಿಎ ಪಿಂಚಣಿ ಅಲಹಾಬಾದ್, ವಿತರಿಸುವವರು ಎಂಬಲ್ಲಿ ಸ್ಪರ್ಶ್ ಪಿಸಿಡಿಎ ಪೆನ್ಷನ್ಸ್ ಅಲಹಾಬಾದ್ ಆರಿಸಬೇಕು. ಹಣ ಹಳೆಯ ಬ್ಯಾಂಕ್ ಖಾತೆಗೇ ಬರುವುದರಿಂದ ಎಷ್ಟೋ ಸೇವಾ ಕೇಂದ್ರದವರು ಬ್ಯಾಂಕಿನ ಹೆಸರು ಒತ್ತಿಬಿಡುತ್ತಾರೆ. ಪ್ರಮಾಣ ಐಡಿ ಬರುತ್ತದೆ, ಮನೆಯವರು ನೆಮ್ಮದಿಯಾಗುತ್ತಾರೆ, ಪಿಂಚಣಿ ಮಾತ್ರ ನಿಲ್ಲುತ್ತದೆ. ಐಡಿ ಬಂತೆಂದರೆ ಸ್ವೀಕೃತವಾಯಿತು ಎಂದಲ್ಲ. ಕೆಲವು ದಿನ ಬಿಟ್ಟು ಸ್ಪರ್ಶ್‌ನಲ್ಲಿ ಮುಂದಿನ ಗುರುತಿಸುವಿಕೆಯ ದಿನಾಂಕ ಬದಲಾಗಿದೆಯೇ ನೋಡಿ. ನಿಂತ ಪಿಂಚಣಿ ಬಾಕಿ ಸಮೇತ ಸಿಗುತ್ತದೆ, ಆದರೆ ಔಷಧದ ಖರ್ಚು ಅಲ್ಲಿಯತನಕ ಕಾಯುವುದಿಲ್ಲ.

ಅಡಿಕೆ ಸುಲಿದು ಸವೆದ ಬೆರಳು ಯಂತ್ರಕ್ಕೆ ಸಿಗುವುದಿಲ್ಲ. ಬೆರಳಚ್ಚನ್ನೇ ಹಿಡಿದು ಕೂರಬೇಡಿ, ಮುಖ ನೋಡಿ ಗುರುತಿಸುವ ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಫೇಸ್ ಆ್ಯಪ್‌ಗಳನ್ನು ಎರಡು ಮೂರು ಮೊಬೈಲ್‌ನಲ್ಲಿ ಹಿಂದಿನ ದಿನವೇ ಹಾಕಿಟ್ಟುಕೊಳ್ಳಿ. ಮುಖಕ್ಕೆ ಎದುರಿನಿಂದ ಬೆಳಕು ಬೀಳುವ ಜಗಲಿ ಸಾಕು, ಕತ್ತಲೆ ಸಭಾಭವನ ಬೇಡ. ಸಿಗ್ನಲ್ ಇರುವ ಜಾಗವನ್ನೇ ಆರಿಸಿ. ಸ್ಪರ್ಶ್ ಲಾಗಿನ್ನಿನ ಒಟಿಪಿ ನೋಂದಾಯಿತ ಮೊಬೈಲ್‌ಗೆ ಹೋಗುತ್ತದೆ. ಅದು ಬೆಂಗಳೂರಿನ ಮಗನ ಹತ್ತಿರ ಇದ್ದರೆ ಅವನಿಗೆ ಸಮಯ ತಿಳಿಸಿರಿ. ಹಾಸಿಗೆ ಹಿಡಿದವರನ್ನು ಹೊತ್ತು ತರುವುದು ಬೇಡ. 70 ರೂಪಾಯಿಗೆ ಅಂಚೆ ಪಾವತಿ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ.

ಬಿದನೂರು ಬಳಗ:
ಬಹಳ ಉಪಕಾರ. ಹೆಂಡತಿಯ ಹೆಸರು ಪಿಪಿಒದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇರುವ ಮನೆಗಳು ಹಲವಿವೆ. ಅದಕ್ಕೇನು?

ಪಿಪಿಒ ಗೆಳೆಯ:
ಅದು ಒಂದು ದಿನದ ಕೆಲಸವಲ್ಲ, ಆದರೆ ಗಂಡ ಬದುಕಿರುವಾಗಲೇ ಮಾಡಿಸಿ. ಆಮೇಲೆ ಒಂದಕ್ಕೆ ಮೂರು ಪಟ್ಟು ಓಡಾಟ. ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್, ಜಂಟಿ ಫೋಟೊ, ಎರಡೂ ಹೆಸರು ಒಬ್ಬರದ್ದೇ ಎಂಬ ಅಫಿಡವಿಟ್ ಸೇರಿಸಿ ಅವರ ರೆಕಾರ್ಡ್ಸ್ ಆಫೀಸಿಗೆ ಹೋಗಬೇಕು. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆದರೆ ಬೆಂಗಳೂರು, ಮರಾಠಾ ಲೈಟ್ ಇನ್ಫೆಂಟ್ರಿ ಬೆಳಗಾವಿ, ಆರ್ಟಿಲರಿ ನಾಸಿಕ್, ಸಿಗ್ನಲ್ಸ್ ಜಬಲ್‌ಪುರ.

ಹುಟ್ಟಿದ ದಿನಾಂಕವನ್ನೂ ಅದರೊಟ್ಟಿಗೇ ನೋಡಿ. 80 ತುಂಬಿದರೆ ಮೂಲ ಪಿಂಚಣಿಯ 20%, 85ಕ್ಕೆ 30%, 90ಕ್ಕೆ 40% ಹೆಚ್ಚುವರಿ ಸಿಗಬೇಕು, ಕುಟುಂಬ ಪಿಂಚಣಿಗೂ ಸಹ. ದಾಖಲೆಯಲ್ಲಿ ವಿಧವೆಯ ಜನ್ಮದಿನಾಂಕ ಇಲ್ಲದಿದ್ದರೆ ಅದು ತಾನಾಗಿ ಬರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ 80 ದಾಟಿದವರಿಗೆ ಮೊದಲು ಗುರುತು ಹಾಕಿ.

ಮರಣವಾದರೆ ಕೂಡಲೇ ತಿಳಿಸಬೇಕು. ಗಂಡನ ಪಿಂಚಣಿಯನ್ನು ಎಟಿಎಂನಿಂದ ತೆಗೆಯುತ್ತಾ ಹೋದರೆ ಆಮೇಲೆ ಅದರ ವಸೂಲಾತಿ ಬರುತ್ತದೆ. ದುಃಖದ ಮನೆಯಲ್ಲಿ ಇದನ್ನು ಹೇಳುವವರು ಯಾರೂ ಇರುವುದಿಲ್ಲ, ಶಿಬಿರದಲ್ಲಿ ನೀವೇ ಹೇಳಿ.

ಕಾಡುಮಲ್ಲಿಗೆ:
ಎರಡು ವಿಷಯ ಬಿಟ್ಟುಹೋಗಿವೆ. ಪಿಂಚಣಿಯೇ ಇಲ್ಲದೆ ಬೇಗ ಸೇವೆ ಬಿಟ್ಟವರೂ ಇರುತ್ತಾರೆ. 65 ದಾಟಿದ, ಹವಾಲ್ದಾರ್‌ವರೆಗಿನ ಶ್ರೇಣಿಯವರು ಮತ್ತು ಅವರ ವಿಧವೆಯರು ಕೇಂದ್ರೀಯ ಸೈನಿಕ ಮಂಡಳಿಯ ಬಡತನ ಪರಿಹಾರಕ್ಕೆ ಜಿಲ್ಲಾ ಕಚೇರಿಯ ಮೂಲಕ ಅರ್ಜಿ ಹಾಕಬಹುದು. ಇಂಥವರು "ನಮಗೇನೂ ಇಲ್ಲ" ಎಂದು ಶಿಬಿರಕ್ಕೇ ಬರುವುದಿಲ್ಲ, ಮನೆಗೆ ಹೋಗಿ ಕರೆಯಬೇಕು.

ಇನ್ನೊಂದು ಇಸಿಎಚ್‌ಎಸ್, ಮಾಜಿ ಸೈನಿಕರ ಆರೋಗ್ಯ ಯೋಜನೆ. ಘಟ್ಟದ ಮೇಲಿನವರು ತುರ್ತಿನಲ್ಲಿ ಹತ್ತಿರದ ಯಾವುದೋ ಆಸ್ಪತ್ರೆಗೆ ಹೋಗುವುದು ಸಹಜ. ಅದು ಯೋಜನೆಯ ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ತಿಳಿಸಬೇಕು, ಇಲ್ಲವಾದರೆ ಬಿಲ್ಲು ಪಾಸಾಗುವುದು ಕಷ್ಟ. ಪಾಲಿಕ್ಲಿನಿಕ್ ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಪ್ರತಿ ಮನೆಯ ಗೋಡೆಗೆ ಅಂಟಿಸಿಬನ್ನಿ.