ಹಳೇ ರೈಡ್ ಹೊಸದು ಮಾಡೋ ಖರ್ಚು ಯಾರ ತಲೆಗೆ?

ಪ್ರಶ್ನೆ: ಫ್ಲಾರಿಡಾದಲ್ಲಿರೋ ಡಿಸ್ನಿಯ ಎಪ್ಕಾಟ್ ಥೀಮ್ ಪಾರ್ಕ್‌ನಲ್ಲಿ ಮೊದಲಿಂದಲೂ ದೊಡ್ಡ ಕಂಪನಿಗಳು ಸ್ಪಾನ್ಸರ್ ಆಗಿದ್ವು. ರೈಡ್ ಹಳತಾದಾಗ ದುಡ್ಡು ಹಾಕಬೇಕಾದ್ದು ಅವರಾ, ಡಿಸ್ನಿಯಾ, ಟಿಕೆಟ್ ತಗೊಳ್ಳೋ ನಾವಾ?

ಉತ್ತರ 1: ಸ್ಪಾನ್ಸರ್ ನಂಬಿ ಕೂತರೆ ಏನಾಗುತ್ತೆ ಅನ್ನೋದಕ್ಕೆ ಅಲ್ಲಿನ ಹೊರೈಜನ್ಸ್ ರೈಡ್ ನೋಡಿ. 1983ರಲ್ಲಿ ಶುರು, 1993ರಲ್ಲಿ ಸ್ಪಾನ್ಸರ್ ಜನರಲ್ ಎಲೆಕ್ಟ್ರಿಕ್ ಹೊರಗೆ, 1999ರಲ್ಲಿ ಬಾಗಿಲು ಬಂದ್. ‘ಭವಿಷ್ಯ’ ತೋರಿಸೋ ರೈಡ್ ಎಲ್ಲಕ್ಕಿಂತ ಬೇಗ ಹಳತಾಗೋದು, ಪಾಪ.

ಉತ್ತರ 2: ಅಲ್ಲಿನ ಇನ್ನೊಂದು ರೈಡ್ ಯೂನಿವರ್ಸ್ ಆಫ್ ಎನರ್ಜಿ ಇನ್ನೂ ಒಳ್ಳೇ ಪಾಠ. ಛಾವಣಿ ಮೇಲೆ 80,000 ಸೌರಕೋಶ. ಪ್ರೇಕ್ಷಕರು ಕೂರೋ ಗಾಡಿಗಳೇ ಬ್ಯಾಟರಿ ಮೇಲೆ, ನೆಲದಲ್ಲಿ ಹೂತ ತಂತಿ ಹಿಡಿದು ಚಲಿಸ್ತಿದ್ವು. 1996ರಲ್ಲಿ ಹೊಸ ಶೋ ಬಂತು, 2004ರಲ್ಲಿ ಸ್ಪಾನ್ಸರ್ ಎಕ್ಸಾನ್‌ಮೊಬಿಲ್ ಹೋಯ್ತು, ಅದೇ ಶೋ 2017ರವರೆಗೂ ಎಳೀತು. ರಿಪೇರಿ ಬಜೆಟ್‌ನಲ್ಲಿ ಗಾಡಿ ಓಡಿಸಬಹುದು, ಸಿನಿಮಾ ಬದಲಾಯಿಸೋಕಾಗಲ್ಲ. ಅದಕ್ಕೆ ಬಂಡವಾಳದ ದುಡ್ಡೇ ಬೇಕು.

ಉತ್ತರ 3: ಹಾಗಾಗಿ ಖರ್ಚು ಎರಡು ಪಾಲು ಮಾಡಿ. ಹಳಿ, ಬ್ರೇಕ್, ಕಂಟ್ರೋಲ್ ಪ್ಯಾನೆಲ್ ಪೂರ್ತಿ ಪಾರ್ಕಿನ ತಲೆಗೆ. ಪಿಎಲ್‌ಸಿ (ರೈಡ್ ನಿಯಂತ್ರಿಸೋ ಕಂಪ್ಯೂಟರ್) ಬದಲಾಯಿಸೋಕೆ ಯಾವ ಸ್ಪಾನ್ಸರೂ ಕಾಸು ಬಿಚ್ಚಲ್ಲ, ಅದರ ಮೇಲೆ ಲೋಗೋ ಕಾಣಲ್ವಲ್ಲ! ಪ್ರೊಜೆಕ್ಟರ್, ಧ್ವನಿ, ಸೆಟ್ಟು ಸ್ಪಾನ್ಸರ್ ಪಾಲಿಗೆ. 10 ವರ್ಷದ ಕರಾರಾದ್ರೆ 5ನೇ ವರ್ಷ ಶೋ ಬದಲಾಗಲೇಬೇಕು ಅಂತ ಬರೆಸಿ, ಆ ದುಡ್ಡು ಮೊದಲೇ ಠೇವಣಿ ಇಡಿಸಿ. ಬಿಟ್ಟು ಹೋಗೋವಾಗ ಬೋರ್ಡು, ಸೆಟ್ಟು ಬಿಚ್ಚೋ ಖರ್ಚೂ ಅದರಲ್ಲೇ ಬರಲಿ. ಟಿಕೆಟ್ ಏರಿಸೋದಾದ್ರೆ ಹೊಸ ಶೋ ತೆರೆದ ಮೇಲೆ.

ಉತ್ತರ 1: ಒಪ್ಪಿದೆ. ಆದ್ರೆ ಎಪ್ಕಾಟ್‌ನ ದೊಡ್ಡ ಗೋಲದೊಳಗಿನ ಸ್ಪೇಸ್‌ಶಿಪ್ ಅರ್ಥ್ ರೈಡನ್ನ 2017ರಲ್ಲಿ ಸ್ಪಾನ್ಸರ್ ಸೀಮೆನ್ಸ್ ಬಿಟ್ಟಿತು, ಆಮೇಲೂ ಓಡ್ತು. ಪಾರ್ಕಿನ ಗುರುತೇ ಆ ಗೋಲ, ಮುಚ್ಚೋ ಧೈರ್ಯ ಯಾರಿಗಿದೆ?