ಗುಂಗುರು ಕೂದಲಿಗೆ ಟ್ವಿಸ್ಟ್: ಕಲಬುರಗಿಯ ಪಾರ್ಲರ್ ಅಕ್ಕನಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಸೇಡಂನಿಂದ): ಅಕ್ಕಾ, ನನ್ನ ಕೂದಲು ಭುಜದವರೆಗೆ ಇದೆ, ಪೂರ್ತಿ ಗುಂಗುರು. ವಿಡಿಯೋ ನೋಡಿ ರಾತ್ರಿ ಒದ್ದೆ ಕೂದಲನ್ನು ಸಣ್ಣ ಸಣ್ಣ ಭಾಗ ಮಾಡಿ, ಎರಡೆರಡು ಎಳೆಯನ್ನು ಒಂದಕ್ಕೊಂದು ಸುತ್ತಿ ಎರಡೆಳೆ ಟ್ವಿಸ್ಟ್ ಹಾಕಿಕೊಂಡು ಮಲಗಿದೆ. ಬೆಳಿಗ್ಗೆ ಬಿಚ್ಚಿದರೆ ಸುರುಳಿ ಬರಲೇ ಇಲ್ಲ, ನೆತ್ತಿ ಮೇಲೆಲ್ಲ ಉಬ್ಬಿ ಕೆದರಿ ನಿಂತಿತು. ತುದಿಗಳು ರಾತ್ರಿಯೇ ಬಿಚ್ಚಿಕೊಂಡಿದ್ದವು. ಅಮ್ಮ ಬೇರೆ, ಸುಮ್ನೆ ಸ್ಟ್ರೇಟ್ನಿಂಗ್ ಮಾಡಿಸಿಬಿಡು ಅಂತ ಒಂದೇ ಸಮ ಹೇಳುತ್ತಿದ್ದಾರೆ. ಎಲ್ಲಿ ಎಡವಟ್ಟಾಯಿತು?

ಉತ್ತರ: ಸ್ಟ್ರೇಟ್ನಿಂಗ್ ಮಾತು ಆಮೇಲೆ. ಮೊದಲು ಒಂದು ಹೇಳಿ, ಬಿಚ್ಚುವಾಗ ಒಳಗೆ ಸ್ವಲ್ಪ ತಣ್ಣಗೆ ಅನಿಸಿತಾ? ನನ್ನ ಹತ್ತಿರ ಈ ದೂರು ತರುವವರಲ್ಲಿ ಜಾಸ್ತಿ ಜನ ಒಣಗುವ ಮೊದಲೇ ಬಿಚ್ಚಿರುತ್ತಾರೆ. ಕೂದಲು ನೆನೆದಾಗ ಅದರೊಳಗಿನ ಹೈಡ್ರೋಜನ್ ಬಂಧಗಳು ಬಿಟ್ಟುಕೊಳ್ಳುತ್ತವೆ, ಒಣಗುವಾಗ ಕೂದಲು ಯಾವ ಆಕಾರದಲ್ಲಿ ಇರುತ್ತೋ ಅದೇ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಟ್ವಿಸ್ಟ್‌ನ ಗುಟ್ಟು ಇಷ್ಟೇ. ಹಸಿ ಇರುವಾಗ ಬಿಚ್ಚಿದರೆ ಆಕಾರ ಕೂತೇ ಇರುವುದಿಲ್ಲ. ಇನ್ನು ಮೇಲೆ ಕತ್ತಿನ ಹಿಂದೆ ಇರುವ ಒಂದನ್ನು ಮಾತ್ರ ಮೊದಲು ಬಿಚ್ಚಿ ನೋಡಿ. ಅಲ್ಲೇ ಎಲ್ಲಕ್ಕಿಂತ ತಡವಾಗಿ ಒಣಗುವುದು. ಸ್ವಲ್ಪ ತೇವ ಕಂಡರೂ ಅದನ್ನು ಮತ್ತೆ ಹೊಸೆದು ಬಿಟ್ಟುಬಿಡಿ, ಉಳಿದವನ್ನು ಮುಟ್ಟಬೇಡಿ.

ತುದಿ ಬಿಚ್ಚಿಕೊಳ್ಳುವುದು ಬೇರೆ ವಿಷಯ. ಬರೀ ಎರಡು ಎಳೆ ಒಂದರ ಮೇಲೊಂದು ಸುತ್ತಿದರೆ ಅದು ನಿಲ್ಲಲ್ಲ. ಹಗ್ಗ ಹೊಸೆಯುವುದನ್ನು ಹಳ್ಳಿಯಲ್ಲಿ ನೋಡಿರುತ್ತೀರಲ್ವಾ, ಹಾಗೆ ಪ್ರತಿ ಎಳೆಯನ್ನೂ ಮೊದಲು ಬಲಕ್ಕೆ ತಿರುಚಬೇಕು, ಆಮೇಲೆ ಎರಡನ್ನೂ ಕೂಡಿಸಿ ಎಡಕ್ಕೆ ಸುತ್ತಬೇಕು. ಎಳೆಗಳು ಒಂದು ಕಡೆ ಬಿಚ್ಚಿಕೊಳ್ಳಲು ನೋಡುತ್ತವೆ, ಸುತ್ತು ಇನ್ನೊಂದು ಕಡೆ, ಅದಕ್ಕೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕೊನೆಯ ಒಂದು ಇಂಚನ್ನು ಬೆರಳಿಗೆ ಸುತ್ತಿ ಬಿಡಿ. ಆದರೂ ನಿಲ್ಲದಿದ್ದರೆ ಮಕ್ಕಳ ಸಣ್ಣ ಮೆತ್ತನೆ ರಬ್ಬರ್ ಹಾಕಿ. ಅಂಗಡಿಯಲ್ಲಿ ಪೊಟ್ಟಣಕ್ಕೆ ಹಾಕುವ ರಬ್ಬರ್ ಬೇಡವೇ ಬೇಡ, ತೆಗೆಯುವಾಗ ಕೂದಲು ಕಿತ್ತುಕೊಂಡು ಬರುತ್ತೆ.

ಇನ್ನು ಅಮ್ಮನ ಮಾತು. ಪಾರ್ಲರ್‌ನಲ್ಲಿ ಮಾಡುವ ಪರ್ಮನೆಂಟ್ ಸ್ಟ್ರೇಟ್ನಿಂಗ್, ಅಂದರೆ ರೀಬಾಂಡಿಂಗ್‌ನಲ್ಲಿ ಕೂದಲೊಳಗಿನ ಗಂಧಕದ ಬಂಧಗಳನ್ನೇ ಕೆಮಿಕಲ್ ಹಾಕಿ ಮುರಿಯುತ್ತಾರೆ. ನೀರು ಹಾಕಿದರೆ ಅದು ವಾಪಸ್ ಬರಲ್ಲ, ಹೊಸ ಕೂದಲು ಬೆಳೆದೇ ಬರಬೇಕು. ಕೂದಲು ಬೆಳೆಯುವುದು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್. ಲೆಕ್ಕ ನೀವೇ ಹಾಕಿಕೊಳ್ಳಿ. ನಿಮಗೇ ಬೇಕು ಅನಿಸಿದರೆ ಮಾಡಿಸಿ, ನಾನು ಬೇಡ ಅನ್ನಲ್ಲ. ಯಾರೋ ಮದುವೆ ಮನೆಯಲ್ಲಿ ಏನೋ ಅಂದರು ಅಂತ ಮಾತ್ರ ಮಾಡಿಸಬೇಡಿ. ಗುಂಗುರು ಕೂದಲು ರೋಗವಲ್ಲ.

ಪ್ರಶ್ನೆ (ಶಹಾಬಾದಿನಿಂದ): ಮೇಡಂ, ನಮ್ಮ ಮನೆಯಲ್ಲಿ ಬೋರ್ ನೀರು. ಎಷ್ಟು ಕಂಡೀಷನರ್ ಹಾಕಿದರೂ ಕೂದಲು ಒರಟಾಗೇ ಇರುತ್ತೆ. ಟ್ವಿಸ್ಟ್ ಹಾಕಲು ಹೋದರೆ ಸಿಕ್ಕು. ಹುಬ್ಬಳ್ಳಿಗೆ ಅಕ್ಕನ ಮನೆಗೆ ಹೋದಾಗ ಇದೇ ಕೂದಲು ಚಂದ ಇರುತ್ತೆ, ಹೇಗೆ?

ಉತ್ತರ: ಊರು ಶಹಾಬಾದು ಅಂದಮೇಲೆ ಕಾರಣ ಕಾಲ ಕೆಳಗೇ ಇದೆ ನೋಡಿ. ಶಹಾಬಾದು ಕಲ್ಲು ಅಂತ ಮನೆಮನೆಗೆ ಹಾಸುತ್ತೇವಲ್ಲ, ಅದು ಸುಣ್ಣದ ಕಲ್ಲು. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದೇ ಕಲ್ಲಿಗೆ. ಆ ಕಲ್ಲಿನ ನಡುವಿಂದ ಬರುವ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ. ಬಕೆಟ್‌ಗೆ, ನಲ್ಲಿಗೆ ಬಿಳಿ ಕಟ್ಟುತ್ತಲ್ಲ, ಅದೇ ಕೂದಲ ಮೇಲೂ ಕೂರುತ್ತೆ. ಅದರ ಮೇಲೆ ಎಷ್ಟು ಕಂಡೀಷನರ್ ಬಳಿದರೂ ಅಷ್ಟಕ್ಕಷ್ಟೇ.

ಮಾಡಬೇಕಾದ್ದು ಎರಡು. ಶಾಂಪೂ ಬಾಟಲಿಯ ಹಿಂದೆ ಇಡಿಟಿಎ (EDTA) ಅಂತ ಇದೆಯಾ ನೋಡಿ ತಗೊಳ್ಳಿ, ಅದು ಕ್ಯಾಲ್ಸಿಯಂ ಹಿಡಿದು ತೆಗೆಯುತ್ತೆ. ಹಾರ್ಡ್ ವಾಟರ್‌ಗೆ, ಅಂದರೆ ಇಂಥ ಗಡಸು ನೀರಿಗೆ ಅಂತಲೇ ಬರುವ, ಕೂತ ಪದರ ತೆಗೆಯುವ ಕ್ಲಾರಿಫೈಯಿಂಗ್ ಶಾಂಪೂ ಸಿಕ್ಕರೆ ಇನ್ನೂ ಒಳ್ಳೆಯದು, ತಿಂಗಳಿಗೆ ಒಂದೆರಡು ಸಲ ಸಾಕು. ಇನ್ನೊಂದು, ತಲೆ ಸ್ನಾನ ಆದಮೇಲೆ ಕೊನೆಗೆ ಎರಡು ಚೊಂಬು ಕುಡಿಯುವ ಆರ್‌ಒ ಫಿಲ್ಟರ್ ನೀರು ಹಾಕಿಕೊಳ್ಳಿ. ಮಳೆಗಾಲದಲ್ಲಿ ತಾರಸಿ ನೀರು ಹಿಡಿದಿಟ್ಟರೆ ಅದೂ ಆಗುತ್ತೆ. ನೀರು ದಂಡ ಅಂತ ಮನೆಯಲ್ಲಿ ಬೈದರೆ ಎರಡೇ ಚೊಂಬು ಅಂತ ಹೇಳಿ!

ಸಿಕ್ಕು ಬಿಡಿಸುವುದು ಕಂಡೀಷನರ್ ತಲೆಯಲ್ಲಿ ಇರುವಾಗಲೇ. ದೊಡ್ಡ ಹಲ್ಲಿನ ಬಾಚಣಿಗೆ, ತುದಿಯಿಂದ ಶುರು ಮಾಡಿ ಮೇಲಕ್ಕೆ. ಒಣಗಿದ ಗುಂಗುರು ಕೂದಲಿಗೆ ಬಾಚಣಿಗೆ ಹಾಕಬೇಡಿ.

ಪ್ರಶ್ನೆ (ಕಲಬುರಗಿ, ಕಾಲೇಜು ಹುಡುಗಿ): ಅಕ್ಕಾ, ಕರ್ಲ್ ಜೆಲ್ ರೇಟು ಕೇಳಿದರೆ ತಲೆ ತಿರುಗುತ್ತೆ. ಮನೆಯಲ್ಲೇ ಏನಾದರೂ ಆಗುತ್ತಾ?

ಉತ್ತರ: ಅಗಸಿ ಇದೆಯಲ್ಲ! ನಮ್ಮ ಕಡೆ ರೊಟ್ಟಿಗೆ ಅಗಸಿ ಹಿಂಡಿ ಇಲ್ಲದ ಮನೆ ಯಾವುದು? ಹುರಿಯದ ಬೀಜ ಕಾಲು ಕಪ್ ತಗೊಳ್ಳಿ, ಎರಡು ಕಪ್ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ. ಸೌಟು ಎತ್ತಿದರೆ ಲೋಳೆ ಎಳೆಯಾಗಿ ಇಳಿಯಬೇಕು, ಆಗ ಒಲೆ ಆರಿಸಿ ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ತಣ್ಣಗಾದರೆ ಬೀಜಕ್ಕೇ ಅಂಟಿಕೊಂಡು ಹಿಂಡಲು ಬರಲ್ಲ. ಫ್ರಿಜ್‌ನಲ್ಲಿ ಒಂದು ವಾರದೊಳಗೆ ಮುಗಿಸಿ, ವಾಸನೆ ಬಂದರೆ ಚೆಲ್ಲಿ. ಇದಕ್ಕೆ ಅಂಗಡಿ ಜೆಲ್‌ನಷ್ಟು ಹಿಡಿತ ಇರಲ್ಲ, ಆದರೆ ಕೂದಲು ಮೆತ್ತಗಿರುತ್ತೆ. ನಾನು ಟ್ವಿಸ್ಟ್‌ಗೆ ಇದನ್ನೇ ಹೆಚ್ಚು ಇಷ್ಟಪಡುತ್ತೇನೆ.

ಅಂಗಡಿಯದ್ದೇ ತಗೊಳ್ಳುವುದಾದರೆ ಬಾಟಲಿಯ ಹಿಂದಿನ ಪಟ್ಟಿಯಲ್ಲಿ ಗ್ಲಿಸರಿನ್ ಎಷ್ಟು ಮುಂದೆ ಬರೆದಿದ್ದಾರೆ ನೋಡಿ, ಮುಂದೆ ಇದ್ದಷ್ಟೂ ಜಾಸ್ತಿ ಅಂತ ಅರ್ಥ. ಗಾಳಿಯಲ್ಲಿ ತೇವ ಇರುವಾಗ ಅದು ಒಳ್ಳೆಯದೇ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟಿ ಒಣ ಗಾಳಿ ಬೀಸುತ್ತಲ್ಲ, ಆಗ ಜಾಸ್ತಿ ಗ್ಲಿಸರಿನ್ ಇದ್ದರೆ ಕೂದಲು ಇನ್ನೂ ಒಣಗಿದ ಹಾಗಾಗುತ್ತೆ.

ಅದೇ ಹುಡುಗಿ: ತೊಳೆಯದೆ ಹಾಗೇ ಬಿಡುವ ಲೀವ್-ಇನ್ ಕಂಡೀಷನರ್ ಮೇಲೆ ಜೆಲ್ ಹಾಕಿದರೆ ಬಿಳಿ ಬಿಳಿ ಉದುರುತ್ತೆ ಅಕ್ಕಾ, ಹೊಟ್ಟು ಅಂತ ಗೆಳತಿಯರು ಕಾಡಿಸುತ್ತಾರೆ.

ಉತ್ತರ: ಅದು ಹೊಟ್ಟಲ್ಲ, ಎರಡಕ್ಕೂ ಹೊಂದುತ್ತಿಲ್ಲ. ಮೊದಲು ಅಂಗೈಯಲ್ಲಿ ಎರಡನ್ನೂ ಒಂದೊಂದು ಹನಿ ಹಾಕಿ ಉಜ್ಜಿ. ನುಣ್ಣಗೆ ಕಲೆತರೆ ತಲೆಗೆ ಹಾಕಿ, ಮೊಸರು ಒಡೆದ ಹಾಗೆ ಕಂಡರೆ ಒಂದನ್ನು ಬದಲಿಸಿ.

ಪ್ರಶ್ನೆ (ಬೀದರಿನಿಂದ): ಇದು ಆಫ್ರಿಕಾದವರ ಸ್ಟೈಲ್ ಅಲ್ವಾ ಮೇಡಂ? ನಮ್ಮ ಕೂದಲಿಗೆ ನಿಜವಾಗಿ ಹೊಂದುತ್ತಾ? ಅವರದು ಎರಡು ವಾರ ಇರುತ್ತಂತೆ, ನನ್ನದು ಮೂರನೇ ದಿನಕ್ಕೇ ಹಾಳು.

ಉತ್ತರ: ಹೌದು, ಆಫ್ರಿಕಾದವರು, ಅಮೆರಿಕದ ಕಪ್ಪು ಜನ ತಮ್ಮ ಕೂದಲಿಗೆ ಹೊಂದುವಂತೆ ಬೆಳೆಸಿಕೊಂಡು ಬಂದ ವಿದ್ಯೆ ಇದು, ಅದನ್ನು ಮರೆಯಬಾರದು. ಹೇರ್ ಸ್ಟೈಲಿಸ್ಟ್ ಆಂಡ್ರೆ ವಾಕರ್ ಹೆಸರಿನ ಒಂದು ಲೆಕ್ಕ ಇದೆ. ನೇರ ಕೂದಲಿಗೆ 1, ಅಲೆಗೆ 2, ಗುಂಗುರಿಗೆ 3, ತುಂಬಾ ಬಿಗಿ ಸುರುಳಿಗೆ 4. ನಮ್ಮಲ್ಲಿ ಪಾರ್ಲರ್‌ಗೆ ಬರುವವರದು ಸಾಮಾನ್ಯವಾಗಿ 2, 3. ನಾಲ್ಕನೇ ಥರದ ಕೂದಲು ತನ್ನಷ್ಟಕ್ಕೆ ತಾನೇ ಹೆಣೆದುಕೊಂಡು ನಿಲ್ಲುತ್ತೆ, ರಬ್ಬರ್ ಕೂಡ ಬೇಡ. ಹಾಗಂತ ಅದು ದೂರದ ದೇಶದ್ದು ಮಾತ್ರ ಅಂದುಕೊಳ್ಳಬೇಡಿ, ನಮ್ಮದೇ ಯಲ್ಲಾಪುರ, ಹಳಿಯಾಳ ಕಡೆಯ ಆಫ್ರಿಕಾ ಮೂಲದ ಸಿದ್ದಿ ಜನರ ಕೂದಲು ಅಂಥದ್ದೇ. ನಿಮ್ಮ ಬೀದರಿನಲ್ಲೇ ಹಬ್ಶಿ ಕೋಟ್ ಅನ್ನುವ ಜಾಗ ಇದೆಯಲ್ಲ, ಬಹಮನಿ ಕಾಲದಲ್ಲಿ ಆಫ್ರಿಕಾದಿಂದ ಬಂದ ಹಬ್ಶಿಗಳ ಹೆಸರು ಅದು. ಎಷ್ಟು ಹಳೆಯ ನಂಟು ನೋಡಿ.

ಅದಕ್ಕೇ ಅವರ ವಿಡಿಯೋ ನೋಡಿ ನಿಮ್ಮದನ್ನು ಅಳೆಯಬೇಡಿ. ನಮ್ಮ ಕೂದಲಲ್ಲಿ ಟ್ವಿಸ್ಟ್ ಎರಡು ಮೂರು ದಿನ ಇದ್ದರೆ ಸಾಕು, ಆಮೇಲೆ ಬಿಚ್ಚಿ ಸುರುಳಿ ಬಿಟ್ಟುಕೊಂಡು ಇನ್ನೆರಡು ದಿನ ಓಡಾಡಬಹುದು. ಪೆನ್ಸಿಲ್ ದಪ್ಪ ಹಾಕಿದರೆ ಸುರುಳಿ ಬಿಗಿ, ಬಾಳಿಕೆ ಜಾಸ್ತಿ, ಕೈ ನೋವೂ ಜಾಸ್ತಿ. ಹೆಬ್ಬೆರಳು ದಪ್ಪ ಹಾಕಿದರೆ ಬೇಗ ಮುಗಿಯುತ್ತೆ, ಬರೀ ಅಲೆ ಬರುತ್ತೆ.

ಪ್ರಶ್ನೆ (ಯಾದಗಿರಿಯಿಂದ, ಒಬ್ಬ ತಾಯಿ): ನನ್ನ ಮಗಳಿಗೆ ಏಳು ವರ್ಷ. ದಿನಾ ಹೆರಳು ಹಾಕುವಾಗ ಅಳು. ಟ್ವಿಸ್ಟ್ ಹಾಕಬಹುದಾ? ಬಿಗಿಯಾಗಿ ಹಾಕಿದರೆ ಕೂದಲು ಚೆನ್ನಾಗಿ ಬೆಳೆಯುತ್ತೆ ಅಂತ ಅತ್ತೆ ಹೇಳುತ್ತಾರೆ.

ಉತ್ತರ: ಹಾಕಬಹುದು ಅಕ್ಕಾ, ಆದರೆ ಬಿಗಿ ಮಾತ್ರ ಬೇಡ. ಅತ್ತೆಯವರು ಪ್ರೀತಿಯಿಂದಲೇ ಹೇಳಿರುತ್ತಾರೆ, ಆದರೆ ಕೂದಲು ಬೆಳೆಯುವುದು ಬುಡದಿಂದ, ಎಳೆದರೆ ಬುಡಕ್ಕೇ ಪೆಟ್ಟು. ದಿನಾ ಎಳೆದು ಕಟ್ಟಿದರೆ ಹಣೆ ಅಂಚು, ಕಿವಿ ಮೇಲಿನ ಕೂದಲು ತೆಳುವಾಗುತ್ತಾ ಬರುತ್ತೆ. ಇದಕ್ಕೆ ಡಾಕ್ಟರು ಟ್ರಾಕ್ಷನ್ ಅಲೋಪೀಶಿಯಾ ಅನ್ನುತ್ತಾರೆ. ಶುರುವಿನಲ್ಲೇ ಬಿಟ್ಟರೆ ವಾಪಸ್ ಬರುತ್ತೆ, ವರ್ಷಗಟ್ಟಲೆ ಎಳೆದರೆ ಆ ಜಾಗದಲ್ಲಿ ಮತ್ತೆ ಬರದೇ ಇರಬಹುದು. ದೊಡ್ಡವರಲ್ಲೂ ಎಷ್ಟೋ ಹೆಂಗಸರ ಹಣೆ ಅಂಚು ನೋಡಿ ನನಗೆ ಸಂಕಟವಾಗುತ್ತೆ, ಯಾರೂ ಮೊದಲೇ ಹೇಳಿರಲ್ಲ. ಹಾಕಿದ ಮೇಲೆ ಮಗು ಹುಬ್ಬು ಎತ್ತಿದರೆ ನೋವಾಗಬಾರದು. ಬುಡದಲ್ಲಿ ಸಣ್ಣ ಗುಳ್ಳೆ ಎದ್ದರೆ ಆಗಲೇ ಬಿಚ್ಚಿ.

ಶಾಲೆಗೆ ಎರಡು ಹೆರಳು, ರಿಬ್ಬನ್ ಬೇಕೇ ಬೇಕು ಅಂದರೆ ಎರಡು ಕಡೆ ಸಡಿಲ ಜುಟ್ಟು ಕಟ್ಟಿ, ಪ್ರತಿ ಜುಟ್ಟನ್ನು ಒಂದೇ ದಪ್ಪ ಟ್ವಿಸ್ಟ್ ಮಾಡಿ ಮಡಚಿ ರಿಬ್ಬನ್ ಹಾಕಿ. ಟೀಚರ್‌ಗೆ ಹೆರಳಿನ ಹಾಗೇ ಕಾಣುತ್ತೆ. ಭಾನುವಾರ ತಲೆಗೆ ಎರೆದಾಗ ಮಾತ್ರ ಪೂರ್ತಿ ಬಿಡಿಸಿ ಬಾಚಿ. ಹೇನಿದ್ದರೆ ಮೊದಲು ಅದನ್ನು ಮುಗಿಸಿ, ಟ್ವಿಸ್ಟ್ ಆಮೇಲೆ.

ಪ್ರಶ್ನೆ (ಸೇಡಂನ ಮೊದಲಿನವರು): ಅಕ್ಕಾ, ಹಗ್ಗದ ಥರ ಹೊಸೆದೆ, ನಿಂತಿತು! ಶರಣಬಸವೇಶ್ವರ ಜಾತ್ರೆಗೆ ಕಲಬುರಗಿಗೆ ಬರುತ್ತಿದ್ದೇನೆ, ಆ ದಿನಕ್ಕೆ ಸುರುಳಿ ಬಿಟ್ಟುಕೊಳ್ಳಬೇಕು. ಯಾವಾಗ ಹಾಕಲಿ, ಹೇಗೆ ಬಿಚ್ಚಲಿ?

ಉತ್ತರ: ಖುಷಿಯಾಯಿತು. ಹಿಂದಿನ ದಿನ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು ಹಾಕಿ, ಸಂಜೆಯೊಳಗೆ ಒಣಗಿಬಿಡುತ್ತೆ. ಒದ್ದೆ ತಲೆಗೆ ಬಟ್ಟೆ ಕಟ್ಟಿ ಮಲಗಬೇಡಿ, ನೆತ್ತಿ ವಾಸನೆ ಬರುತ್ತೆ. ಒಣಗಿದ ಮೇಲೆ ಹಳೆಯ ಸಿಲ್ಕ್ ಅಥವಾ ಸ್ಯಾಟಿನ್ ದುಪಟ್ಟಾ ಸುತ್ತಿ ಮಲಗಿ, ಕಾಟನ್ ದಿಂಬಿಗೆ ಉಜ್ಜಿದರೆ ಕೆದರುತ್ತೆ. ಬಿಚ್ಚುವ ಮುಂಚೆ ಬೆರಳ ತುದಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ತುದಿಯಿಂದ ಶುರು ಮಾಡಿ, ಸುತ್ತಿದ್ದಕ್ಕೆ ಉಲ್ಟಾ, ನಿಧಾನಕ್ಕೆ. ಒಂದನ್ನು ಎರಡು ಮಾಡಿ, ಬೇಕಾದರೆ ಎರಡನ್ನು ನಾಲ್ಕು ಮಾಡಿ, ಅಷ್ಟಕ್ಕೇ ನಿಲ್ಲಿಸಿ. ಜಾಸ್ತಿ ಬಿಡಿಸಿದಷ್ಟೂ ಉಬ್ಬುತ್ತೆ.

ತೇರಿನ ಜನಜಂಗುಳಿಯಲ್ಲಿ ಬೆವರು ಬರುವುದು ಗ್ಯಾರಂಟಿ. ಬೆವರೂ ನೀರೇ, ಬುಡದ ಸುರುಳಿ ಸಡಿಲ ಮಾಡುತ್ತೆ. ಒಂದು ದೊಡ್ಡ ಕ್ಲಿಪ್ ಪರ್ಸ್‌ನಲ್ಲಿ ಇಟ್ಟುಕೊಳ್ಳಿ, ಸೆಕೆ ಆದಾಗ ಮೇಲಕ್ಕೆತ್ತಿ ಹಾಕಿ, ಬೆವರು ಒಣಗಿದ ಮೇಲೇ ಬಿಡಿ.