ಅನಾಟಮಿ ತಲೆಗೆ ಹತ್ತುತ್ತಿಲ್ಲ, ನೀವೆಲ್ಲ ಹೇಗೆ ಓದಿದಿರಿ?

ಜಿ.ಎನ್.ಎಂ. ಮೊದಲ ವರ್ಷ, ವಿಜಯಪುರ:

ಎಲ್ಲರಿಗೂ ನಮಸ್ಕಾರ. ನಮ್ಮೂರು ಇಂಡಿ ತಾಲೂಕಿನಲ್ಲಿದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ ಆರ್ಟ್ಸ್. ಈ ವರ್ಷ ಜಿ.ಎನ್.ಎಂ. ಅಂದರೆ ನರ್ಸಿಂಗ್ ಡಿಪ್ಲೊಮಾ ಸೇರಿದ್ದೇನೆ. ಉಳಿದ ವಿಷಯ ಹೇಗೋ ನಡೀತಿದೆ. ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ದೇಹ ಕೆಲಸ ಮಾಡುವ ರೀತಿ) ಮಾತ್ರ ತಲೆಗೆ ಹತ್ತುತ್ತಿಲ್ಲ. ರಾತ್ರಿ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ನೆನಪಿರೋದಿಲ್ಲ. ಇದನ್ನು ಓದಿ ಬಂದವರು ಹೇಗೆ ಓದಿದಿರಿ, ಯಾವುದನ್ನು ಮೊದಲು ಹಿಡಿಯಬೇಕು, ದಯವಿಟ್ಟು ಹೇಳಿ.

ಸ್ಟಾಫ್ ನರ್ಸ್, ಬೆಳಗಾವಿ:

ತಂಗಿ, ನಾನೂ ಕನ್ನಡ ಮಾಧ್ಯಮದವಳೇ, ಗೋಕಾಕ ಕಡೆಯ ಹಳ್ಳಿ. ಓದಿದ್ದನ್ನು ನಿನ್ನ ಮೈಮೇಲೇ ಮುಟ್ಟಿ ನೋಡಿಕೋ. ನನಗೆ ಈ ವಿಷಯ ಹತ್ತಿದ್ದೇ ಹಾಗೆ.

ಈಗಲೇ ಮಾಡಿ ನೋಡು. ಎಡಗೈ ಚಾಚಿ ಅಂಗೈ ಮೇಲೆ ಮಾಡು. ಮುಷ್ಟಿ ಕಟ್ಟಿ ಮಣಿಕಟ್ಟನ್ನು ಸ್ವಲ್ಪ ಒಳಗೆ ಬಗ್ಗಿಸು. ಚರ್ಮದ ಕೆಳಗೆ ಹುರಿ ಎದ್ದಂತೆ ಕಾಣುತ್ತಲ್ಲ, ಅವೇ ಟೆಂಡನ್, ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗಳು. ನಟ್ಟನಡುವೆ ಎದ್ದು ಕಾಣೋದು ಪಾಲ್ಮಾರಿಸ್ ಲಾಂಗಸ್‌ನದು. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಕಾಣದಿದ್ದರೆ ಗಾಬರಿ ಬೇಡ. ಅದರ ಪಕ್ಕ, ಹೆಬ್ಬೆರಳಿನ ಕಡೆ ಇನ್ನೊಂದು ಟೆಂಡನ್ ಇದೆ. ಅದನ್ನು ದಾಟಿದರೆ ಸಣ್ಣ ತಗ್ಗು. ಕೈ ಸಡಿಲ ಬಿಟ್ಟು ಆ ತಗ್ಗಿನಲ್ಲಿ ಎರಡು ಬೆರಳಿಡು. ಬಡಿಯುತ್ತಿರೋದು ರೇಡಿಯಲ್ ಆರ್ಟರಿ, ಹೃದಯದಿಂದ ರಕ್ತ ಒಯ್ಯುವ ನಾಳ. ಬೆರಳಿಗೆ ಗಟ್ಟಿಯಾಗಿ ತಾಗುವುದು ರೇಡಿಯಸ್ ಎಲುಬು. ಅಲ್ಲಿ ಆರ್ಟರಿ ಚರ್ಮಕ್ಕೆ ಹತ್ತಿರ ಇದೆ, ಕೆಳಗೆ ಒತ್ತಿ ಹಿಡಿಯಲು ಎಲುಬಿದೆ. ನಾಡಿ ನೋಡಲು ಆ ಜಾಗ ಆರಿಸಿಕೊಂಡದ್ದು ಇದಕ್ಕೇ. ಹೆಬ್ಬೆರಳಿನಿಂದ ಮಾತ್ರ ನಾಡಿ ನೋಡಬೇಡ. ಅದರಲ್ಲೇ ಒಂದು ನಾಡಿ ಬಡಿಯುತ್ತಿರುತ್ತದೆ, ರೋಗಿಯದ್ದು ಯಾವುದು ನಿನ್ನದು ಯಾವುದು ತಿಳಿಯೋದಿಲ್ಲ.

ಕಿರುಬೆರಳಿನ ಕಡೆ ಇರುವ ಎಲುಬು ಅಲ್ನಾ. ಅದರ ಪಕ್ಕದ ಆರ್ಟರಿ ಅಲ್ನಾರ್, ನರವೂ ಅಲ್ನಾರ್. ಮೊಣಕೈ ಒಳಬದಿಗೆ ಏನಾದರೂ ತಾಗಿದರೆ ಕಿರುಬೆರಳಿನವರೆಗೆ ಝುಮ್ ಅನ್ನುತ್ತದೆ ಅಲ್ವಾ, ಅದು ಇದೇ ನರ. ಒಂದು ಎಲುಬಿನ ಹೆಸರು ಗಟ್ಟಿಯಾದರೆ ಆರ್ಟರಿ, ನರ ಬೆನ್ನಿಗೇ ಬರುತ್ತವೆ.

ಮೊಣಕೈ ಮಡಚುವ ಜಾಗವನ್ನೂ ಹೀಗೇ ನೋಡು. ಬೈಸೆಪ್ಸ್ ಟೆಂಡನ್ ಕೈಗೆ ಸಿಗುತ್ತದೆ. ಅದರ ಒಳಬದಿಗೆ ಬ್ರೇಕಿಯಲ್ ಆರ್ಟರಿ, ಬಿಪಿ ನೋಡುವಾಗ ಸ್ಟೆತಾಸ್ಕೋಪ್ ಇಡೋದು ಅಲ್ಲೇ. ಅದಕ್ಕೂ ಮೇಲೆ, ಚರ್ಮದ ಕೆಳಗೇ ನೀಲಿಯಾಗಿ ಕಾಣುವುದು ಮೀಡಿಯನ್ ಕ್ಯೂಬಿಟಲ್ ವೇನ್, ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ. ರಕ್ತ ತೆಗೆಯೋದು ಹೆಚ್ಚಾಗಿ ಅದರಿಂದ. ಒಂದು ಅಂಗೈಯಗಲದ ಜಾಗದಲ್ಲಿ ನಿನ್ನ ದಿನದ ಅರ್ಧ ಕೆಲಸ ಇದೆ.

ಇನ್ನೊಂದು. ಸೊಂಟದ ಕೆಳಗೆ, ಕುಂಡಿಗೆ ಇಂಜೆಕ್ಷನ್ ಕೊಡುವಾಗ ಅದನ್ನು ನಾಲ್ಕು ಭಾಗ ಮಾಡಿಕೊಂಡು ಮೇಲಿನ ಹೊರಗಿನ ಭಾಗದಲ್ಲೇ ಕೊಡು ಅಂತ ಹೇಳಿರುತ್ತಾರೆ. ಕೆಳಗೆ, ಒಳಬದಿಗೆ ಸಯಾಟಿಕ್ ನರ ಹಾದುಹೋಗುತ್ತದೆ. ನಮ್ಮ ಮೈಯಲ್ಲೇ ದಪ್ಪ ನರ ಅದು. ಸೂಜಿ ಅದಕ್ಕೆ ತಾಗಿದರೆ ರೋಗಿಗೆ ಪಾದ ಎತ್ತಲು ಬಾರದಂತಾಗಬಹುದು. ಚಿಕ್ಕ ಮಗುವಾದರೆ ಅಪಾಯ ಇನ್ನೂ ಜಾಸ್ತಿ, ಅದಕ್ಕೇ ಕೂಸುಗಳಿಗೆ ತೊಡೆಯ ಹೊರಬದಿಗೆ ಕೊಡುತ್ತಾರೆ. ಇದನ್ನು ನೆನಪಿಟ್ಟುಕೊಂಡು ಓದು ತಂಗಿ. ಬರೀ ಪಾಸಾಗಲು ಓದುವ ವಿಷಯ ಅಲ್ಲ ಇದು.

ಕುಸ್ತಿ ಕಲಿಸುವವರು, ಮುಧೋಳ ಕಡೆ:

ನಾನು ಮೆಡಿಕಲ್ ಓದಿದವನಲ್ಲ. ಗರಡಿಯಲ್ಲಿ ಹುಡುಗರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೀತೀನಿ. ಸ್ನಾಯುವಿಗೆ ಎಳೆಯೋದು ಮಾತ್ರ ಗೊತ್ತು, ತಳ್ಳೋಕೆ ಬರೋದಿಲ್ಲ. ಅದಕ್ಕೇ ಜೋಡಿ ಇರುತ್ತವೆ. ಬೈಸೆಪ್ಸ್ ಕೈ ಮಡಚುತ್ತದೆ, ಹಿಂದಿನ ಟ್ರೈಸೆಪ್ಸ್ ಚಾಚುತ್ತದೆ. ಯಾವ ಸ್ನಾಯು ಓದಿದರೂ ಎಲ್ಲಿ ಶುರು, ಯಾವ ಕೀಲು ದಾಟಿ ಎಲ್ಲಿ ಅಂಟಿದೆ, ಅಷ್ಟು ನೋಡಮ್ಮ. ಅದು ಎಳೆದರೆ ಯಾವುದು ಅಲುಗಾಡಬೇಕು ಅಂತ ನಿನಗೇ ತಿಳಿಯುತ್ತದೆ. ಭುಜ, ಸೊಂಟ ಎರಡೂ ಗುಂಡು ಕೀಲು. ಆದರೆ ಸೊಂಟದ ಗುಳಿ ಆಳ, ಭುಜದ್ದು ಆಳ ಇಲ್ಲ. ಆದ್ದರಿಂದ ಕೈ ಎಲ್ಲ ಕಡೆ ತಿರುಗುತ್ತದೆ, ಭುಜ ಜಾರುವುದೂ ಜಾಸ್ತಿ. ಹೆಚ್ಚಾಗಿ ಮುಂದಕ್ಕೇ ಜಾರುತ್ತದೆ.

ಆಯುರ್ವೇದ ವಿದ್ಯಾರ್ಥಿ, ಬೆಳಗಾವಿ:

ಎಲುಬನ್ನು ಚಿತ್ರದಲ್ಲಿ ಓದಬೇಡಿ, ಕೈಯಲ್ಲಿ ಹಿಡಿದು ಓದಿ. ಕಾಲೇಜಿನಲ್ಲಿ ಬೋನ್ ಸೆಟ್ ಇದ್ದೇ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಫೀಮರ್ (ತೊಡೆಯ ಎಲುಬು) ಸಿಕ್ಕರೆ ನಿಮ್ಮ ತೊಡೆಗೇ ಹಿಡಿದು ನೋಡಿ. ಗುಂಡು ತಲೆ ಒಳಗಡೆ ಬರಬೇಕು, ಉದ್ದನೆಯ ಏಣು ಹಿಂದೆ ಬರಬೇಕು. ಹಾಗೆ ಸರಿಯಾಗಿ ಕೂತರೆ ಎಡದ್ದೋ ಬಲದ್ದೋ ಗೊತ್ತಾಗುತ್ತದೆ. 206 ಎಲುಬು ಅಂದಾಗ ಹೆದರಿಕೆಯಾಗುತ್ತದೆ. ಆದರೆ ಒಂದು ಕೈಯಲ್ಲಿ ಮಣಿಕಟ್ಟಿನಿಂದ ಬೆರಳ ತುದಿವರೆಗೆ 27, ಒಂದು ಪಾದದಲ್ಲಿ 26. ಎರಡೂ ಕೈ, ಎರಡೂ ಪಾದ ಕೂಡಿದರೆ 106. ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗೀತು.

ಮೃತದೇಹ ನೋಡಲು ಕರೆದುಕೊಂಡು ಹೋಗುವ ದಿನ ಬರುತ್ತದೆ. ದೇಹ ಕೆಡದಂತೆ ಹಾಕುವ ಫಾರ್ಮಲಿನ್‌ಗೆ ಕಣ್ಣು ಉರಿಯುತ್ತದೆ, ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಮೇಜಿನ ಮೇಲೆ ಇರುವವರು ಯಾರದೋ ಮನೆಯ ಹಿರಿಯರು ಅನ್ನೋದು ಮನಸ್ಸಿನಲ್ಲಿರಲಿ. ನಮ್ಮ ಬೈಲಹೊಂಗಲದ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರು ತಮ್ಮ ದೇಹ ಕಲಿಯುವ ಮಕ್ಕಳಿಗೆ ಸಿಗಲಿ ಅಂತ ಬಯಸಿದ್ದರು. ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಿದ್ದರು. ತಂದೆ ತೀರಿಕೊಂಡ ಎರಡು ವರ್ಷಕ್ಕೆ, 2010ರಲ್ಲಿ, ತಂದೆಯ ದೇಹವನ್ನು ತಾವೇ ವಿದ್ಯಾರ್ಥಿಗಳ ಮುಂದೆ ಕೊಯ್ದು ಪಾಠ ಮಾಡಿದರು. ನಮ್ಮ ಕಡೆ ದೇಹದಾನದ ಮಾತು ಬಂದರೆ ಜನ ಇವತ್ತಿಗೂ ಅವರ ಹೆಸರು ತೆಗೆಯುತ್ತಾರೆ. ಅದನ್ನು ತಿಳಿದ ಮೇಲೆ ಆ ಕೋಣೆಯಲ್ಲಿ ಸುಮ್ನೆ ನಿಂತು ಹರಟೆ ಹೊಡೆಯಲು ಮನಸ್ಸೇ ಬರೋದಿಲ್ಲ.

ನರ್ಸಿಂಗ್ ಪಾಠ ಮಾಡುವವರು, ಬಾಗಲಕೋಟೆ:

ಯಾವುದನ್ನು ಮೊದಲು ಹಿಡಿಯಬೇಕು ಅಂತ ಕೇಳಿದ್ದೀಯಲ್ಲ. ಜೀವಕೋಶ, ಟಿಶ್ಯೂ (ಜೀವಕೋಶಗಳ ಗುಂಪು) ಒಮ್ಮೆ ಓದಿ ಮುಂದೆ ಹೋಗು. ಅಲ್ಲೇ ಸಿಕ್ಕಿಕೊಳ್ಳಬೇಡ. ಆಮೇಲೆ ರಕ್ತ ಮತ್ತು ಹೃದಯ ಹಿಡಿ. ಹೃದಯ ಗಟ್ಟಿಯಾದರೆ ಶ್ವಾಸಕೋಶ, ಕಿಡ್ನಿ, ಲಿವರ್ ಎಲ್ಲಕ್ಕೂ ದಾರಿ ಸಿಗುತ್ತದೆ.

ರಕ್ತದ ಒಂದು ಹನಿ ಹಿಡಿದು ಪುಸ್ತಕ ಮುಚ್ಚಿ ಬರೆ. ಮೈಯ ರಕ್ತ ತರುವ ದೊಡ್ಡ ನಾಳ ವೀನಾ ಕೇವಾದಿಂದ ಬಲ ಏಟ್ರಿಯಂ (ಮೇಲಿನ ಕೋಣೆ), ಟ್ರೈಕಸ್ಪಿಡ್ ವಾಲ್ವ್ (ಒಂದೇ ಕಡೆ ತೆರೆಯುವ ಕವಾಟ) ದಾಟಿ ಬಲ ವೆಂಟ್ರಿಕಲ್ (ಕೆಳಗಿನ ಕೋಣೆ), ಪಲ್ಮನರಿ ಆರ್ಟರಿ, ಶ್ವಾಸಕೋಶ. ಅಲ್ಲಿಂದ ಪಲ್ಮನರಿ ವೇನ್, ಎಡ ಏಟ್ರಿಯಂ, ಮೈಟ್ರಲ್ ವಾಲ್ವ್, ಎಡ ವೆಂಟ್ರಿಕಲ್, ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ ಅಯೋರ್ಟಾ. ಆರ್ಟರಿ ಅಂದರೆ ಒಳ್ಳೆ ರಕ್ತ, ವೇನ್ ಅಂದರೆ ಕೆಟ್ಟ ರಕ್ತ ಅಂತ ಶಾಲೆಯಲ್ಲಿ ಕಲಿತಿದ್ದರೆ ಅದನ್ನು ಬಿಟ್ಟುಬಿಡು. ಹೃದಯದಿಂದ ಹೊರಗೆ ಒಯ್ಯೋದು ಆರ್ಟರಿ, ಹೃದಯಕ್ಕೆ ತರೋದು ವೇನ್. ಪಲ್ಮನರಿ ಆರ್ಟರಿಯಲ್ಲಿ ಆಕ್ಸಿಜನ್ ಕಡಿಮೆ ಇರುವ ರಕ್ತ ಯಾಕೆ ಅನ್ನೋ ಪ್ರಶ್ನೆ ಆಗ ಉಳಿಯೋದೇ ಇಲ್ಲ. ಚಿತ್ರದಲ್ಲಿ ಎಡ, ಬಲ ಅಂದರೆ ರೋಗಿಯ ಎಡ, ಬಲ. ಅದು ನೆನಪಿರಲಿ.

ನಿಮ್ಮ ಮನೆಯಲ್ಲಿ ಮಾಂಸ ಮುಟ್ಟುವ ರೂಢಿ ಇದ್ದರೆ ಕುರಿಯ ಹೃದಯ ತರಿಸು. ಅದರಲ್ಲೂ ನಮ್ಮ ಹಾಗೇ ನಾಲ್ಕು ಕೋಣೆ. ಮಟನ್ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ಕೊಯ್ಯದೆ, ಮೇಲಿನ ನಾಳಗಳ ಸಮೇತ ಇಡಿಯಾಗಿ ಕೊಡುತ್ತಾರೆ. ಗ್ಲೌಸ್ ಹಾಕಿಕೊಂಡು ಎರಡೂ ಬದಿ ಒತ್ತಿ ನೋಡು. ಒಂದು ಬದಿ ಮೆತ್ತಗೆ, ಇನ್ನೊಂದು ಬದಿ ಗಟ್ಟಿ. ಗಟ್ಟಿ ಇರೋದು ಎಡ ವೆಂಟ್ರಿಕಲ್. ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು, ಎಡಗಡೆಯದು ಇಡೀ ಮೈಗೆ ಒತ್ತಬೇಕು. ಸೀಳಿ ನೋಡಿದರೆ ವಾಲ್ವ್‌ಗೆ ಕಟ್ಟಿದ ಬಿಳಿ ದಾರಗಳು ಕಾಣುತ್ತವೆ. ರಕ್ತದ ಒತ್ತಡಕ್ಕೆ ವಾಲ್ವ್ ಹಿಂದಕ್ಕೆ ಮಗುಚದಂತೆ ಅವು ಹಿಡಿದಿಡುತ್ತವೆ. ಒಮ್ಮೆ ಬೆರಳಿಂದ ಎಳೆದು ನೋಡು, ಎಷ್ಟು ಗಟ್ಟಿ ಅಂತ ಆಶ್ಚರ್ಯವಾಗುತ್ತದೆ. ಮಾಂಸ ಮುಟ್ಟದವರಿಗೆ ಒತ್ತಾಯ ಇಲ್ಲ, ಕಾಲೇಜಿನ ಮಾಡೆಲ್ ಬಿಚ್ಚಿ ಜೋಡಿಸಿ ಕಲಿಯಬಹುದು.

ಲಿವರ್ ಓದುವಾಗ ಪೋರ್ಟಲ್ ವೇನ್ ಹತ್ತಿರ ಎಲ್ಲರೂ ನಿಲ್ಲುತ್ತಾರೆ. ಕಬ್ಬಿನ ಟ್ರ್ಯಾಕ್ಟರ್ ಎಷ್ಟೇ ಬರಲಿ, ತೂಕದ ಕಾಟಾ ದಾಟದೆ ಕಾರ್ಖಾನೆ ಒಳಗೆ ಹೋಗೋದಿಲ್ಲ ಅಲ್ವಾ? ಹೊಟ್ಟೆ, ಕರುಳಿನಿಂದ ಬರುವ ರಕ್ತವೂ ಹಾಗೇ ಪೋರ್ಟಲ್ ವೇನ್ ಮೂಲಕ ಮೊದಲು ಲಿವರ್‌ಗೆ ಹೋಗುತ್ತದೆ, ಆಮೇಲೆ ಹೃದಯಕ್ಕೆ. ಬಾಯಿಯಿಂದ ನುಂಗಿದ ಕೆಲವು ಔಷಧಿಗಳ ಶಕ್ತಿ ಲಿವರ್‌ನಲ್ಲೇ ಕಡಿಮೆಯಾಗೋದು ಇದರಿಂದ. ನಾಲಿಗೆ ಕೆಳಗೆ ಇಡುವ ಎದೆನೋವಿನ ಮಾತ್ರೆ ಆ ದಾರಿ ತಪ್ಪಿಸಿ ನೇರ ರಕ್ತಕ್ಕೆ ಸೇರುತ್ತದೆ.

ಫಿಸಿಯೋಥೆರಪಿ ಓದುತ್ತಿರುವವಳು, ವಿಜಯಪುರ:

ಬಾಯಿಪಾಠ ಪೂರ್ತಿ ಬಿಡೋಕಾಗಲ್ಲ ರೀ. ತಲೆಯ 12 ನರಗಳ ಹೆಸರು, ಕ್ರಮ ಬಾಯಿಗೆ ಬರಲೇಬೇಕು. ಆದರೆ ಹಾಸ್ಟೆಲ್‌ನಲ್ಲಿ ಗೆಳತಿಯನ್ನು ಎದುರು ಕೂರಿಸಿಕೊಂಡು ಪರೀಕ್ಷೆ ಮಾಡುತ್ತಾ ಕಲಿತರೆ ಬೇಗ ಬರುತ್ತದೆ. ಕಣ್ಣು ಮುಚ್ಚಿಸಿ ಕಾಫಿ ಪುಡಿ ಮೂಸಲು ಕೊಟ್ಟರೆ ಮೊದಲನೇ ನರ. ಹಲ್ಲು ಕಾಣುವಂತೆ ನಗಿಸಿದರೆ ಏಳನೇದು. ಹೆಗಲು ಮೇಲೆತ್ತಿಸಿ ನೀವು ಕೆಳಗೆ ಒತ್ತಿದರೆ ಹನ್ನೊಂದು. ನಾಲಿಗೆ ಚಾಚಿಸಿದರೆ ಹನ್ನೆರಡು.

ಜಿ.ಎನ್.ಎಂ. ಮೊದಲ ವರ್ಷ, ವಿಜಯಪುರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ನಾಡಿ ಸಿಕ್ಕಿತು! ಮೇಡಂ, ಕಿಡ್ನಿ ಒಂದು ಬಿಡಿಸಿ ಹೇಳುತ್ತೀರಾ? ದಿನಕ್ಕೆ 180 ಲೀಟರ್ ಸೋಸುತ್ತದೆ ಅಂತ ಇದೆ. ಮೈಯಲ್ಲಿ ಅಷ್ಟು ನೀರೇ ಇಲ್ಲವಲ್ಲ?

ನರ್ಸಿಂಗ್ ಪಾಠ ಮಾಡುವವರು, ಬಾಗಲಕೋಟೆ:

ಒಳ್ಳೆ ಪ್ರಶ್ನೆ. ಲೆಕ್ಕ ಮಾಡೋಣ. ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿ.ಲೀ. ತಳ್ಳುತ್ತದೆ. ನಿಮಿಷಕ್ಕೆ 72 ಬಡಿತ ಅಂದರೆ ಸುಮಾರು 5 ಲೀಟರ್. ಅದರಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಿಡ್ನಿಗಳಿಗೇ ಹೋಗುತ್ತದೆ. ಅಲ್ಲಿ ನಿಮಿಷಕ್ಕೆ 125 ಮಿ.ಲೀ. ಸೋಸಿ ನೆಫ್ರಾನ್ (ಕಿಡ್ನಿಯ ಸಣ್ಣ ಸೋಸುವ ನಳಿಕೆ) ಒಳಗೆ ಬೀಳುತ್ತದೆ. ದಿನಕ್ಕೆ 180 ಲೀಟರ್ ಆಯಿತು. ಮೈಯಲ್ಲಿ ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ಇರೋದು ಸುಮಾರು 3 ಲೀಟರ್. ಅದೇ ಪ್ಲಾಸ್ಮಾ ದಿನಕ್ಕೆ 60 ಸಲ ಸೋಸಿ ಬರುತ್ತದೆ. ಸೋಸಿದ್ದರಲ್ಲಿ ನೂರಕ್ಕೆ 99 ಪಾಲು ವಾಪಸ್ ರಕ್ತಕ್ಕೆ. ಹೊರಗೆ ಹೋಗೋದು ಒಂದೂವರೆ ಲೀಟರ್ ಆಸುಪಾಸು.

ಈಗ ನಿಮ್ಮ ವಿಜಯಪುರದ ಬೇಸಿಗೆ ತಗೋ. 40 ಡಿಗ್ರಿ ಬಿಸಿಲಿನಲ್ಲಿ ಬೆವರು ಹರಿಯುತ್ತದೆ, ರಕ್ತದಲ್ಲಿ ನೀರು ಕಡಿಮೆಯಾಗುತ್ತದೆ. ಮೆದುಳಿನ ಹೈಪೋಥಲಾಮಸ್‌ಗೆ ಅದು ತಿಳಿಯುತ್ತದೆ. ಬಾಯಾರಿಕೆ ಹುಟ್ಟಿಸುವುದೂ ಅದೇ, ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ಎ.ಡಿ.ಎಚ್. ಬಿಡಿಸುವುದೂ ಅದೇ. ಆ ಹಾರ್ಮೋನ್ ಬಂದ ಕೂಡಲೇ ಕಿಡ್ನಿಯ ಕಲೆಕ್ಟಿಂಗ್ ಡಕ್ಟ್ (ಮೂತ್ರ ಕೂಡುವ ನಳಿಕೆ) ನೀರನ್ನು ಹೊರಗೆ ಬಿಡದೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮೂತ್ರ ಕಡಿಮೆ, ಬಣ್ಣ ಗಾಢ. ಚರ್ಮ, ರಕ್ತ, ಮೆದುಳು, ಹಾರ್ಮೋನ್, ಕಿಡ್ನಿ, ಐದು ಪಾಠವನ್ನೂ ಒಂದೇ ಮಧ್ಯಾಹ್ನದಲ್ಲಿ ಓದಿದ ಹಾಗಾಯಿತು.

ವಾರ್ಡ್‌ಗೆ ಹೋದಾಗ ಯೂರಿನ್ ಬ್ಯಾಗ್ ಅಳತೆ ಬರೆಯೋಕೆ ಹೇಳುತ್ತಾರೆ. ದೊಡ್ಡವರಲ್ಲಿ ಒಂದು ಕೆ.ಜಿ. ತೂಕಕ್ಕೆ ಗಂಟೆಗೆ ಅರ್ಧ ಮಿ.ಲೀ. ಆದರೂ ಬರಬೇಕು. 60 ಕೆ.ಜಿ. ರೋಗಿಗೆ 30 ಮಿ.ಲೀ. ಅದಕ್ಕಿಂತ ಕಡಿಮೆ ಕಂಡರೆ ಮೊದಲು ಟ್ಯೂಬ್ ಮಡಚಿಕೊಂಡಿದೆಯಾ ನೋಡು. ಟ್ಯೂಬ್ ಸರಿ ಇದ್ದರೆ ಶಿಫ್ಟ್ ಮುಗಿಯಲಿ ಅಂತ ಕಾಯಬೇಡ, ಆಗಲೇ ಸಿಸ್ಟರ್‌ಗೆ ಹೇಳು.